ತ್ರಿವರ್ಣದ ಚಕ್ರ, ಬಸದಿಯ ಪಂಚವರ್ಣ

ಆಗಸ್ಟ್ ತಿಂಗಳು ಬಂತೆಂದರೆ ನಮ್ಮ ಸಮಾಜದ ಪಾಠಶಾಲೆಗಳಲ್ಲಿ, ಮಹಿಳಾ ಮಂಡಳಗಳ ಪ್ರಶ್ನೋತ್ತರ ಸ್ಪರ್ಧೆಗಳಲ್ಲಿ ಒಂದು ಪ್ರಶ್ನೆ ತಪ್ಪದೆ ಕೇಳಿಬರುತ್ತದೆ. ರಾಷ್ಟ್ರಧ್ವಜದ ನಡುವಿನ ಚಕ್ರಕ್ಕೆ 24 ಅರಗಳೇ ಏಕೆ? ಮಕ್ಕಳು ಕೈಯೆತ್ತಿ ಒಂದೇ ದನಿಯಲ್ಲಿ ಹೇಳುತ್ತಾರೆ: ಅವು ನಮ್ಮ 24 ತೀರ್ಥಂಕರರ ಸಂಕೇತ. ಚಪ್ಪಾಳೆ ಬೀಳುತ್ತದೆ, ಬಹುಮಾನವೂ ಸಿಗುತ್ತದೆ. ಮಾರನೆಯ ದಿನ ಅದೇ ಮಗು ಶಾಲೆಗೆ ಹೋದಾಗ ಅಲ್ಲಿಯ ಗುರುಗಳು ಅವು ದಿನದ 24 ಗಂಟೆಗಳು ಎಂದು ಹೇಳಿಕೊಡುತ್ತಾರೆ. ಮಗು ಮನೆಗೆ ಬಂದು ಅಜ್ಜನನ್ನು ಕೇಳುತ್ತದೆ. ಅಜ್ಜ ಏನು ಹೇಳಬೇಕು?

ಅಜ್ಜನಿಗೆ ಸರಿಯಾದ ಉತ್ತರ ಗೊತ್ತಿರಬೇಕಾದರೆ ಧ್ವಜದ ಕತೆಯನ್ನು ಮೊದಲಿನಿಂದ ತಿಳಿಯಬೇಕು. ಈಗ ನಾವು ವಂದಿಸುವ ಧ್ವಜ ಒಂದೇ ದಿನದಲ್ಲಿ ಸಿದ್ಧವಾದದ್ದಲ್ಲ. ನಲವತ್ತು ವರ್ಷಗಳಲ್ಲಿ ಅದರ ಬಣ್ಣಗಳು ಬದಲಾದವು, ಚಿಹ್ನೆಗಳು ಬಂದವು, ಹೋದವು. ಬಣ್ಣ ಅದೇ ಉಳಿದಾಗಲೂ ಅದರ ಅರ್ಥ ಬೇರೆಯಾಯಿತು. ಗಡಿಯಾಚೆಯ ಕನ್ನಡಿಗರಾದ ನಮ್ಮ ಮಕ್ಕಳು ಮರಾಠಿ, ತೆಲುಗು, ತಮಿಳು, ಮಲಯಾಳ ಸೀಮೆಗಳ ಶಾಲೆಗಳಲ್ಲಿ ಕಲಿಯುವವರು. ಒಂದೊಂದು ಸೀಮೆಯಲ್ಲಿ ಧ್ವಜದ ಕತೆಯ ಒಂದೊಂದು ತುಂಡು ಮಾತ್ರ ಅವರ ಕಿವಿಗೆ ಬೀಳುತ್ತದೆ. ಆ ತುಂಡುಗಳನ್ನು ಕೂಡಿಸಿ ನೋಡುವುದು ಒಳ್ಳೆಯದು.

ವ್ಯಾಪಾರಿ ಮನೆತನದವರಾದ ನಮಗೆ ಮೊದಲ ಸಂಗತಿ ರುಚಿಸೀತು. ಈ ಧ್ವಜ ಹುಟ್ಟಿದ್ದೇ ಬಟ್ಟೆಯ ಚಳವಳಿಯಲ್ಲಿ. 1905ರ ಆಗಸ್ಟ್ 7ರಂದು ಕಲಕತ್ತೆಯ ಟೌನ್‌ಹಾಲಿನಲ್ಲಿ ವಿಲಾಯತಿ ಮಾಲಿನ ಬಹಿಷ್ಕಾರದ ಘೋಷಣೆಯಾಯಿತು. ಮ್ಯಾಂಚೆಸ್ಟರಿನ ಥಾನುಗಳನ್ನು ಅಂಗಡಿಯಲ್ಲಿ ಇಡಬೇಕೋ ಬಾರದೋ ಎಂಬುದು ಆಗಿನ ಪ್ರತಿಯೊಬ್ಬ ಬಟ್ಟೆ ವ್ಯಾಪಾರಿಯ ಮುಂದಿದ್ದ ಪ್ರಶ್ನೆ. ಒಂದು ವರ್ಷ ತುಂಬಿದ ದಿನ, 1906ರ ಆಗಸ್ಟ್ 7ರಂದು, ಕಲಕತ್ತೆಯ ಪಾರ್ಸಿಬಾಗಾನ್ ಚೌಕದಲ್ಲಿ ಒಂದು ಧ್ವಜ ಏರಿತು. ಹಸಿರು, ಹಳದಿ, ಕೆಂಪು ಎಂಬ ಮೂರು ಅಡ್ಡ ಪಟ್ಟಿಗಳು. ಒಂದರಲ್ಲಿ ಎಂಟು ಕಮಲಗಳು, ನಡುವೆ ದೇವನಾಗರಿಯಲ್ಲಿ ವಂದೇ ಮಾತರಂ, ಮತ್ತೊಂದರಲ್ಲಿ ಸೂರ್ಯ ಮತ್ತು ಚಂದ್ರಕಲೆ. ಎಂಟು ಕಮಲಗಳೆಂದರೆ ಆಗಿನ ಬ್ರಿಟಿಷ್ ಭಾರತದ ಎಂಟು ಪ್ರಾಂತಗಳು. ಹೇಳಬೇಕಾದ್ದನ್ನೆಲ್ಲ ಒಂದೇ ಬಟ್ಟೆಯ ಮೇಲೆ ಹೇಳಿಬಿಡಬೇಕೆಂಬ ಆತುರ ಆ ಧ್ವಜದಲ್ಲಿ ಕಾಣುತ್ತದೆ. ಹೊಸ ಅಂಗಡಿ ತೆರೆದವರು ಬೋರ್ಡಿನ ಮೇಲೆ ಇದ್ದಬದ್ದ ಮಾಲಿನ ಹೆಸರನ್ನೆಲ್ಲ ಬರೆಸಿದ ಹಾಗೆ!

ಮರುವರ್ಷ, 1907ರ ಆಗಸ್ಟ್ 22ರಂದು, ಜರ್ಮನಿಯ ಸ್ಟುಟ್‌ಗಾರ್ಟ್ ನಗರದಲ್ಲಿ ಸೇರಿದ್ದ ಅಂತರರಾಷ್ಟ್ರೀಯ ಸಮಾಜವಾದಿ ಸಮ್ಮೇಳನದಲ್ಲಿ ಮುಂಬಯಿಯ ಪಾರ್ಸಿ ಮಹಿಳೆ ಮೇಡಂ ಭಿಕಾಜಿ ಕಾಮಾ ಇಂಥದೇ ಧ್ವಜವನ್ನು ಬಿಚ್ಚಿ ತೋರಿಸಿದರು. ಪರದೇಶದ ನೆಲದಲ್ಲಿ, ಹಲವು ದೇಶಗಳ ಪ್ರತಿನಿಧಿಗಳ ಎದುರಿಗೆ, ಒಬ್ಬ ಹೆಣ್ಣುಮಗಳು ಮಾಡಿದ ಕೆಲಸ ಇದು. ಆ ಧ್ವಜವನ್ನು ಮುಂದೆ ಇಂದುಲಾಲ್ ಯಾಜ್ಞಿಕರು ಗುಟ್ಟಾಗಿ ಭಾರತಕ್ಕೆ ತಂದರು. ಅದನ್ನು ಪುಣೆಯ ಕೇಸರಿ ವಾಡೆಯಲ್ಲಿ ಕಾಪಾಡಿಡಲಾಗಿದೆ. ಪುಣೆಗೆ ಹೋಗುವ ನಮ್ಮ ಸೊಲ್ಲಾಪುರ, ಅಕ್ಕಲಕೋಟೆ, ಜತ್ತದ ಕುಟುಂಬಗಳು ಮಕ್ಕಳಿಗೆ ಒಮ್ಮೆ ತೋರಿಸಿಕೊಂಡು ಬರಬಹುದು.

1917ರಲ್ಲಿ ಆನಿ ಬೆಸೆಂಟ್ ಮತ್ತು ಲೋಕಮಾನ್ಯ ತಿಲಕರ ಹೋಂರೂಲ್ ಚಳವಳಿಗೆ ಇನ್ನೊಂದು ಧ್ವಜ ಬಂತು. ಐದು ಕೆಂಪು, ನಾಲ್ಕು ಹಸಿರು ಪಟ್ಟಿಗಳು, ಸಪ್ತರ್ಷಿ ಮಂಡಲದಂತೆ ಏಳು ನಕ್ಷತ್ರಗಳು, ಮೇಲಿನ ಮೂಲೆಯಲ್ಲಿ ಬ್ರಿಟಿಷರ ಯೂನಿಯನ್ ಜಾಕ್. ಸಾಮ್ರಾಜ್ಯದೊಳಗೇ ಇದ್ದು ಸ್ವರಾಜ್ಯ ಬೇಕೆಂಬುದು ಆಗಿನ ಬೇಡಿಕೆಯಾಗಿತ್ತು. ಆದ್ದರಿಂದ ದೊರೆಯ ಚಿಹ್ನೆಗೂ ಮೂಲೆಯಲ್ಲಿ ಜಾಗ ಸಿಕ್ಕಿತು. ಬೇಡಿಕೆ ಬೆಳೆಯಿತು, ಆ ಮೂಲೆ ಅಳಿಸಿಹೋಯಿತು.

ಬಿಳಿಯ ಪಟ್ಟಿಯಲ್ಲಿ ನಾವು

ಈಗ ಬೆಜವಾಡೆಗೆ ಬರೋಣ. ಆದವಾನಿ, ರಾಯದುರ್ಗ, ಮಡಕಶಿರದ ಬಾಂಧವರಿಗೆ ಪಿಂಗಳಿ ವೆಂಕಯ್ಯನವರ ಹೆಸರು ಮನೆಮಾತು. ಮಚಲೀಪಟ್ಟಣದ ಹತ್ತಿರದ ಭಟ್ಲಪೆನುಮರ್ರು ಗ್ರಾಮದಲ್ಲಿ 1876ರಲ್ಲಿ ಹುಟ್ಟಿದ ಇವರಿಗೆ ಧ್ವಜದ ಹುಚ್ಚು. ದೇಶಕ್ಕೊಂದು ಧ್ವಜ ಬೇಕೆಂದು 1916ರಲ್ಲೇ ಹಲವಾರು ನಮೂನೆಗಳನ್ನು ಬರೆದು ಪುಸ್ತಕ ಅಚ್ಚುಹಾಕಿಸಿದ್ದರು. 1921ರ ಮಾರ್ಚ್ ಕೊನೆಯಲ್ಲಿ ಬೆಜವಾಡೆಯಲ್ಲಿ ಅಖಿಲ ಭಾರತ ಕಾಂಗ್ರೆಸ್ ಸಮಿತಿ ಸೇರಿದಾಗ ಗಾಂಧೀಜಿ ಇವರನ್ನು ಕರೆದು, ಕೆಂಪು ಹಸಿರು ಬಣ್ಣಗಳ ಮೇಲೆ ಚರಕ ಇರುವ ಧ್ವಜವೊಂದನ್ನು ಬರೆದುಕೊಡಲು ಹೇಳಿದರು. ಚರಕ ಇರಬೇಕೆಂದು ಸೂಚಿಸಿದವರು ಜಾಲಂಧರದ ಲಾಲಾ ಹಂಸರಾಜರು. ವೆಂಕಯ್ಯನವರು ಮೂರೇ ಗಂಟೆಗಳಲ್ಲಿ ಚಿತ್ರ ತಂದುಕೊಟ್ಟರೂ ಸಭೆಯ ಮುಂದಿಡುವುದಕ್ಕೆ ಹೊತ್ತು ಮೀರಿತ್ತು. ಆ ತಡವೇ ಒಳ್ಳೆಯದಾಯಿತೆಂದು ಗಾಂಧೀಜಿಗೆ ಅನಿಸಿತು. ಯೋಚಿಸಲು ಸಮಯ ಸಿಕ್ಕಿತು. ಕೆಂಪು ಹಿಂದೂಗಳದು, ಹಸಿರು ಮುಸಲ್ಮಾನರದು ಎಂದಾದರೆ ಉಳಿದವರ ಗತಿಯೇನು? ಅವರಿಗಾಗಿ ಬಿಳಿಯ ಪಟ್ಟಿಯೊಂದನ್ನು ಸೇರಿಸಿದರು.

ಆ ಧ್ವಜದ ಕ್ರಮ ಇಂದಿನದಲ್ಲ. ಎಲ್ಲಕ್ಕೂ ಮೇಲೆ ಬಿಳಿ, ನಡುವೆ ಹಸಿರು, ಕೆಳಗೆ ಕೆಂಪು. ಇದಕ್ಕೆ ಗಾಂಧೀಜಿ ಕೊಟ್ಟ ಕಾರಣ ಹೃದಯವನ್ನು ಮುಟ್ಟುವಂಥದು. ಸಂಖ್ಯೆಯಲ್ಲಿ ಎಲ್ಲರಿಗಿಂತ ಕಡಿಮೆ ಇರುವವರಿಗೆ ಮೊದಲ ಜಾಗ, ಎಲ್ಲರಿಗಿಂತ ಹೆಚ್ಚು ಇರುವವರು ಕೊನೆಯಲ್ಲಿ ನಿಂತು ಉಳಿದವರನ್ನು ಕಾಯಬೇಕು ಎಂಬುದು ಅವರ ಭಾವ.

ಅಂದಿನ ಲೆಕ್ಕದಲ್ಲಿ ನಾವು ಜೈನರು ಎಲ್ಲಿದ್ದೆವು? ಕ್ರೈಸ್ತರು, ಪಾರ್ಸಿಗಳು, ಸಿಖ್ಖರ ಜೊತೆಗೆ ಬಿಳಿಯ ಪಟ್ಟಿಯಲ್ಲಿ, ‘ಇತರರು’ ಎಂಬ ಹೆಸರಿನಲ್ಲಿ. ಮೇಲಿನ ಜಾಗವೇ ಹೌದು, ಗೌರವದ ಜಾಗವೇ ಹೌದು. ಆದರೂ ಹೆಸರಿಲ್ಲದ ಜಾಗ. ಇದರಲ್ಲಿ ಗಾಂಧೀಜಿಯವರ ಸದ್ಭಾವಕ್ಕೆ ಕೊರತೆಯೇನೂ ಇರಲಿಲ್ಲ. ಬಣ್ಣವನ್ನು ಜಾತಿಧರ್ಮಕ್ಕೆ ಹಂಚುವ ಲೆಕ್ಕದಲ್ಲೇ ತೊಡಕಿತ್ತು. ಒಬ್ಬರಿಗೆ ಒಂದು ಪಟ್ಟಿ ಕೊಟ್ಟ ಮೇಲೆ ಇನ್ನೊಬ್ಬರು ತಮ್ಮ ಪಟ್ಟಿ ಎಲ್ಲಿ ಎಂದು ಕೇಳದೆ ಇರುವುದಿಲ್ಲ. ಸಿಖ್ಖರು ತಮ್ಮ ಬಣ್ಣವನ್ನೂ ಸೇರಿಸಿರೆಂದು ಕೇಳಿದರು. 1924ರಲ್ಲಿ ಕಲಕತ್ತೆಯಲ್ಲಿ ಸೇರಿದ ಸಂಸ್ಕೃತ ಸಮ್ಮೇಳನದವರು ಕೇಸರಿ ಬಣ್ಣವೂ ಗದೆಯೂ ಬೇಕೆಂದರು. ನಾಲ್ಕು ಜನ ಪಾಲುದಾರರ ಪೇಢಿಯಲ್ಲಿ ಬೋರ್ಡಿನ ಮೇಲೆ ಯಾರ ಹೆಸರು ಮೊದಲು ಎಂಬ ತಕರಾರು ಎದ್ದ ಮೇಲೆ ವ್ಯಾಪಾರ ಹೇಗೆ ನಡೆಯುತ್ತದೆಂದು ಬಲ್ಲವರು ನಾವು.

ಆದರೂ ಈ ಚರಕದ ಧ್ವಜಕ್ಕಾಗಿಯೇ ಜನ ಜೈಲಿಗೆ ಹೋದರು, ಪ್ರಾಣ ಕೊಟ್ಟರು. 1923ರಲ್ಲಿ ನಾಗಪುರದಲ್ಲಿ ಧ್ವಜ ಹಿಡಿದು ಮೆರವಣಿಗೆ ಹೋಗಬಾರದೆಂದು ಸರಕಾರ ತಡೆದಾಗ ಜಮನಾಲಾಲ್ ಬಜಾಜ್, ಅನಂತರ ವಲ್ಲಭಭಾಯಿ ಪಟೇಲರ ನಾಯಕತ್ವದಲ್ಲಿ ಧ್ವಜ ಸತ್ಯಾಗ್ರಹ ನಡೆಯಿತು. ಹುಬ್ಬಳ್ಳಿಯಿಂದ ಡಾ. ನಾ. ಸು. ಹರ್ಡೀಕರರು ತಮ್ಮ ಸ್ವಯಂಸೇವಕರೊಡನೆ ಹೋಗಿ ಸೆರೆಮನೆ ಸೇರಿದರು, ಕ್ಷಮೆ ಕೇಳಲಿಲ್ಲ. ಅದೇ ವರ್ಷ ಡಿಸೆಂಬರಿನಲ್ಲಿ ಕಾಕಿನಾಡೆಯ ಕಾಂಗ್ರೆಸ್ಸಿನಲ್ಲಿ ಹರ್ಡೀಕರರ ಹಿಂದುಸ್ಥಾನಿ ಸೇವಾದಳ ಹುಟ್ಟಿತು. ಧ್ವಜವನ್ನು ಹೇಗೆ ಏರಿಸಬೇಕು, ಹೇಗೆ ವಂದಿಸಬೇಕು ಎಂಬ ಶಿಸ್ತನ್ನು ಊರೂರಿಗೆ ಕಲಿಸಿದ್ದು ಈ ದಳ.

ಸೊಲ್ಲಾಪುರದ ಸಂಗತಿಯನ್ನು ನಮ್ಮ ಓದುಗರು ವಿಶೇಷವಾಗಿ ನೆನೆಯಬೇಕು. 1930ರ ಏಪ್ರಿಲ್ 6ರಂದು, ಗಾಂಧೀಜಿ ದಂಡಿಯಲ್ಲಿ ಉಪ್ಪು ಎತ್ತಿದ ದಿನವೇ, ಸೊಲ್ಲಾಪುರದ ನಗರಸಭೆಯ ಕಟ್ಟಡದ ಮೇಲೆ ರಾಷ್ಟ್ರಧ್ವಜ ಏರಿತು. ಅಂದಿನ ಅಧ್ಯಕ್ಷರು ಮಾಣಿಕಚಂದ ಶಹಾ. ನಗರಸಭೆಯೊಂದು ತನ್ನ ಕಟ್ಟಡದ ಮೇಲೆ ಈ ಧ್ವಜ ಏರಿಸಿದ್ದು ದೇಶದಲ್ಲೇ ಮೊದಲ ಸಲ ಎಂದು ಸೊಲ್ಲಾಪುರದವರು ಹೆಮ್ಮೆಪಡುತ್ತಾರೆ. ಮೇ ತಿಂಗಳಲ್ಲಿ ಗಾಂಧೀಜಿಯವರ ಬಂಧನದ ಸುದ್ದಿ ಬಂದಾಗ ಗಿರಣಿಯ ಊರು ಕೆರಳಿತು, ಗೋಳಿಬಾರಾಯಿತು, ಊರಿಗೆ ಸೈನಿಕ ಕಾಯದೆ ಬಂತು. 1931ರ ಜನವರಿ 12ರಂದು ಯೆರವಡೆಯ ಜೈಲಿನಲ್ಲಿ ಸೊಲ್ಲಾಪುರದ ನಾಲ್ವರನ್ನು ಗಲ್ಲಿಗೇರಿಸಲಾಯಿತು: ಮಲ್ಲಪ್ಪ ಧನಶೆಟ್ಟಿ, ಕಿಸನ್ ಸಾರಡಾ, ಜಗನ್ನಾಥ ಶಿಂದೆ, ಕುರ್ಬಾನ್ ಹುಸೇನ್. ಕನ್ನಡ ಮನೆಮಾತಿನವರು, ಮಾರವಾಡಿ, ಮರಾಠ, ಮುಸಲ್ಮಾನ. ಬಣ್ಣಗಳನ್ನು ಹಂಚಿಕೊಳ್ಳುವ ಚರ್ಚೆ ಇನ್ನೂ ನಡೆದಿದ್ದಾಗಲೇ ಈ ನಾಲ್ವರು ಒಟ್ಟಿಗೆ ಹೋದರು.

ಬಣ್ಣಕ್ಕೆ ಹೊಸ ಅರ್ಥ

ಅವರು ಹೋದ ಮೂರು ತಿಂಗಳೊಳಗೆ, 1931ರ ಏಪ್ರಿಲಿನಲ್ಲಿ, ಕಾಂಗ್ರೆಸ್ಸು ಧ್ವಜದ ತಕರಾರನ್ನು ಬಗೆಹರಿಸಲು ಏಳು ಜನರ ಸಮಿತಿ ನೇಮಿಸಿತು. ಪಟೇಲ್, ನೆಹರು, ಆಜಾದ್, ಮಾಸ್ಟರ್ ತಾರಾಸಿಂಗ್, ಕಾಕಾ ಕಾಲೇಲಕರ್, ಪಟ್ಟಾಭಿ ಸೀತಾರಾಮಯ್ಯ, ಮತ್ತು ನಮ್ಮ ಹರ್ಡೀಕರ್. ಇಡೀ ಧ್ವಜ ಕೇಸರಿ ಬಣ್ಣದ್ದೇ ಇರಲಿ, ಮೂಲೆಯಲ್ಲೊಂದು ಚರಕ ಸಾಕು ಎಂದು ಸಮಿತಿ ಹೇಳಿತು. ಒಂದೇ ಬಣ್ಣವಾದರೆ ಹಂಚಿಕೆಯ ಮಾತೇ ಇಲ್ಲವಲ್ಲ! ಆದರೆ ಮುಂಬಯಿಯಲ್ಲಿ ಸೇರಿದ ಅಖಿಲ ಭಾರತ ಸಮಿತಿ ಇದನ್ನು ಒಪ್ಪಲಿಲ್ಲ. ಆಗಸ್ಟಿನಲ್ಲಿ ಕೇಸರಿ, ಬಿಳಿ, ಹಸಿರು ಎಂಬ ಇಂದಿನ ಕ್ರಮವೂ ಬಿಳಿಯ ನಡುವೆ ನೀಲಿ ಚರಕವೂ ನಿರ್ಣಯವಾದವು. ಆ ನಿರ್ಣಯದ ಮುಖ್ಯ ಮಾತು ಬೇರೆಯೇ ಇದೆ. ಈ ಬಣ್ಣಗಳಿಗೆ ಯಾವ ಕೋಮಿನ ಅರ್ಥವೂ ಇಲ್ಲ. ಕೇಸರಿ ಎಂದರೆ ಧೈರ್ಯ ಮತ್ತು ತ್ಯಾಗ, ಬಿಳಿ ಎಂದರೆ ಸತ್ಯ ಮತ್ತು ಶಾಂತಿ, ಹಸಿರು ಎಂದರೆ ಶ್ರದ್ಧೆ.

ನನ್ನ ಮಟ್ಟಿಗೆ ಧ್ವಜದ ಚರಿತ್ರೆಯಲ್ಲಿ ಇದಕ್ಕಿಂತ ದೊಡ್ಡ ಬದಲಾವಣೆ ಇನ್ನೊಂದಿಲ್ಲ. ಕಣ್ಣಿಗೆ ಕಾಣುವ ವ್ಯತ್ಯಾಸ ಅಲ್ಪ. ಕೆಂಪು ಹೋಗಿ ಕೇಸರಿ ಬಂತು, ಪಟ್ಟಿಗಳು ಸ್ಥಾನ ಬದಲಿಸಿದವು, ಅಷ್ಟೇ. ಆದರೆ ಬಣ್ಣ ಜನರ ಗುಂಪನ್ನು ಬಿಟ್ಟು ಗುಣವನ್ನು ಹಿಡಿಯಿತು. ಗುಣದಲ್ಲಿ ‘ಇತರರು’ ಎಂಬ ಖಾನೆ ಇಲ್ಲ. ಸತ್ಯ ಶಾಂತಿಗಳ ಬಿಳಿಯಲ್ಲಿ ಜೈನನಿಗೆ ಎಷ್ಟು ಪಾಲೋ ಮುಸಲ್ಮಾನನಿಗೂ ಅಷ್ಟೇ ಪಾಲು. ಕೇಸರಿಯ ತ್ಯಾಗದಲ್ಲಿ ನಮಗೆ ಇಲ್ಲವೆಂದು ಯಾರು ಹೇಳಬಲ್ಲರು? ಕೇಸರಿ ಇಂಥವರದು, ಹಸಿರು ಅಂಥವರದು ಎಂದು ಇಂದಿಗೂ ಮಕ್ಕಳಿಗೆ ಹೇಳಿಕೊಡುವ ಹಿರಿಯರಿದ್ದಾರೆ. ಅವರು 1921ರಲ್ಲೇ ನಿಂತುಬಿಟ್ಟಿದ್ದಾರೆ.

ಮೈಸೂರು ಸಂಸ್ಥಾನದಲ್ಲಿ ಈ ಧ್ವಜಕ್ಕೆ ಬೇರೆ ತೊಂದರೆ. ಅಲ್ಲಿ ಮಹಾರಾಜರ ಧ್ವಜವಿರುವಾಗ ಕಾಂಗ್ರೆಸ್ಸಿನ ಧ್ವಜ ಏರಿಸುವಂತಿರಲಿಲ್ಲ. 1938ರ ಏಪ್ರಿಲಿನಲ್ಲಿ ಮದ್ದೂರಿನ ಶಿವಪುರದಲ್ಲಿ ಟಿ. ಸಿದ್ದಲಿಂಗಯ್ಯನವರು ಅದನ್ನು ಏರಿಸಿ ಸೆರೆಯಾದರು. ಅದೇ ತಿಂಗಳು 25ರಂದು ವಿದುರಾಶ್ವತ್ಥದಲ್ಲಿ ಗುಂಡಿನ ಮಳೆ ಸುರಿದು ಹಲವರು ಸತ್ತರು. ಆಮೇಲೆ ಪಟೇಲರು ಬಂದು ದಿವಾನ್ ಮಿರ್ಜಾರೊಡನೆ ಮಾತಾಡಿ, ಎರಡೂ ಧ್ವಜಗಳನ್ನು ಏರಿಸಬಹುದೆಂಬ ಒಪ್ಪಂದವಾಯಿತು. ಹೈದರಾಬಾದ್ ಸಂಸ್ಥಾನದಲ್ಲಂತೂ 1947ರ ಆಗಸ್ಟ್ 15ರಂದೂ ಧ್ವಜ ಏರಿಸಿದ ಸ್ವಾಮಿ ರಾಮಾನಂದ ತೀರ್ಥರ ಬಂಧನವಾಯಿತು. ಗೋವೆಯವರು 1961ರ ಡಿಸೆಂಬರಿನವರೆಗೆ ಕಾಯಬೇಕಾಯಿತು.

ಚರಕದಿಂದ ಚಕ್ರಕ್ಕೆ

ಸ್ವಾತಂತ್ರ್ಯ ಹತ್ತಿರವಾದಾಗ ಕಾಂಗ್ರೆಸ್ಸಿನ ಧ್ವಜವನ್ನೇ ದೇಶದ ಧ್ವಜ ಮಾಡಬಹುದೆ ಎಂಬ ಪ್ರಶ್ನೆ ಬಂತು. 1947ರ ಜೂನಿನಲ್ಲಿ ರಾಜೇಂದ್ರಪ್ರಸಾದರ ಅಧ್ಯಕ್ಷತೆಯಲ್ಲಿ ಸಮಿತಿ ರಚನೆಯಾಯಿತು. ಆಜಾದ್, ರಾಜಾಜಿ, ಸರೋಜಿನಿ ನಾಯ್ಡು, ಅಂಬೇಡ್ಕರ್ ಅದರಲ್ಲಿದ್ದರು. ಬಣ್ಣ ಮೂರೂ ಉಳಿದವು, ಚರಕ ಹೋಗಿ ಚಕ್ರ ಬಂತು. ಜುಲೈ 22ರಂದು ಸಂವಿಧಾನ ಸಭೆಯಲ್ಲಿ ನೆಹರು ನಿರ್ಣಯ ಮಂಡಿಸಿದರು. ಚರಕದ ಚಿತ್ರವನ್ನು ಧ್ವಜದ ಹಿಂಭಾಗದಿಂದ ನೋಡಿದರೆ ತಿರುವುಮುರುವಾಗಿ ಕಾಣುತ್ತದೆ, ಚಕ್ರ ಎರಡೂ ಕಡೆಯಿಂದ ಒಂದೇ ಎಂದು ಕಾರಣ ವಿವರಿಸಿದರು. ನಿರ್ಣಯದಲ್ಲಿ ಚಕ್ರವು ಚರಕದ ಪ್ರತೀಕ, ಅದರ ನಮೂನೆ ಸಾರನಾಥದ ಅಶೋಕಸ್ತಂಭದ ಸಿಂಹಪೀಠದ ಮೇಲಿರುವ ಚಕ್ರದ್ದು ಎಂದಿದೆ. ಅಗಲ ಉದ್ದಗಳು ಎರಡಕ್ಕೆ ಮೂರರ ಪ್ರಮಾಣದಲ್ಲಿರಬೇಕು.

ಗಾಂಧೀಜಿಗೆ ಮೊದಲು ಇದು ನೋವು ತಂದಿತು. ಚರಕವಿಲ್ಲದ ಧ್ವಜಕ್ಕೆ ತಾವು ವಂದಿಸಲಾರೆವೆಂಬಷ್ಟು ಕಟುವಾಗಿ ಬರೆದರು. ಚರಕವೆಂದರೆ ಅವರಿಗೆ ಬಡವನ ಅನ್ನ. ಅನಂತರ ಚಕ್ರದಲ್ಲೂ ಚರಕವನ್ನು ಕಾಣಬಹುದೆಂದು ಸಮಾಧಾನ ತಂದುಕೊಂಡರು. ಚಿಹ್ನೆಗಳ ವಿಷಯದಲ್ಲಿ ಇದು ಯಾವಾಗಲೂ ಹೀಗೆ. ಒಬ್ಬರು ಅದರಲ್ಲಿ ನೂಲುವ ಮುದುಕಿಯನ್ನು ಕಾಣುತ್ತಾರೆ, ಇನ್ನೊಬ್ಬರು ಮೌರ್ಯ ಚಕ್ರವರ್ತಿಯನ್ನು. ಅದೇ ಸಭೆಯಲ್ಲಿ ರಾಧಾಕೃಷ್ಣನ್ನರು ಕೇಸರಿಯಲ್ಲಿ ವೈರಾಗ್ಯವನ್ನೂ ಬಿಳಿಯಲ್ಲಿ ಸತ್ಯದ ಬೆಳಕನ್ನೂ ಹಸಿರಿನಲ್ಲಿ ನೆಲದೊಡನೆ ನಮ್ಮ ಸಂಬಂಧವನ್ನೂ ಚಕ್ರದಲ್ಲಿ ಧರ್ಮದ ಗತಿಯನ್ನೂ ಕಂಡರು.

ಇನ್ನು ಅಜ್ಜನ ಪ್ರಶ್ನೆ. ಸಂವಿಧಾನ ಸಭೆಯ ನಿರ್ಣಯದಲ್ಲಿ 24 ಎಂಬ ಸಂಖ್ಯೆಯೇ ಇಲ್ಲ. ಅದರ ಅರ್ಥವಂತೂ ಇಲ್ಲವೇ ಇಲ್ಲ. ಸಾರನಾಥದ ಪೀಠದ ಮೇಲೆ ಶಿಲ್ಪಿ ಕೆತ್ತಿದ ಚಕ್ರಗಳಿಗೆ 24 ಅರಗಳಿದ್ದವು, ಆದ್ದರಿಂದ ಧ್ವಜಕ್ಕೂ 24 ಬಂದವು. ದಿನದ ಗಂಟೆಗಳೆಂಬ ವಿವರಣೆ ಆಮೇಲೆ ಹೊಂದಿಸಿದ್ದು. ತೀರ್ಥಂಕರರ ವಿವರಣೆಯೂ ಹಾಗೆಯೇ.

ನಮ್ಮವರು ಇನ್ನೊಂದು ಮಾತನ್ನೂ ಹೇಳುವುದುಂಟು. ಆ ಪೀಠದ ಮೇಲೆ ಚಕ್ರಗಳ ನಡುವೆ ಆನೆ, ಎತ್ತು, ಕುದುರೆ, ಸಿಂಹಗಳಿವೆ. ಎತ್ತು ಆದಿನಾಥರ ಲಾಂಛನ, ಆನೆ ಅಜಿತನಾಥರದು, ಕುದುರೆ ಸಂಭವನಾಥರದು, ಸಿಂಹ ಮಹಾವೀರರದು. ಮೊದಲ ಮೂವರು ಮತ್ತು ಕೊನೆಯವರು! ಸಾರನಾಥವೂ ನಮಗೆ ಹೊರಗಿನ ಊರಲ್ಲ. ಹನ್ನೊಂದನೆಯ ತೀರ್ಥಂಕರ ಶ್ರೇಯಾಂಸನಾಥರ ಜನ್ಮಭೂಮಿ ಸಿಂಹಪುರಿ ಅದೇ ಎಂಬ ಶ್ರದ್ಧೆಯಿಂದ ಧಮೇಕ ಸ್ತೂಪದ ಪಕ್ಕದಲ್ಲೇ ನಮ್ಮ ದಿಗಂಬರ ಮಂದಿರವಿದೆ. ಕಾಶಿಯಾತ್ರೆ ಮಾಡಿದ ಅನೇಕರು ಅಲ್ಲಿ ದರ್ಶನ ಮಾಡಿ ಬಂದಿದ್ದಾರೆ. ಇಷ್ಟೆಲ್ಲ ಕೂಡಿಬಂದಾಗ ಮನಸ್ಸು ಹಿಗ್ಗುವುದು ಸಹಜ. ಆದರೆ ಅಶೋಕನು ಆ ಸ್ತಂಭವನ್ನು ನಿಲ್ಲಿಸಿದ್ದು ಬುದ್ಧನು ಮೊದಲ ಉಪದೇಶ ಮಾಡಿದ ಸ್ಥಳವೆಂದು. ಅದೇ ಸ್ತಂಭದ ಸಿಂಹಗಳ ತಲೆಯ ಮೇಲೆ ಮೊದಲು ಇನ್ನೊಂದು ದೊಡ್ಡ ಚಕ್ರವಿತ್ತು. ಅದರ ಒಡೆದ ಚೂರುಗಳಿಂದ ಲೆಕ್ಕ ಹಾಕಿ 32 ಅರಗಳಿದ್ದವೆಂದು ವಿದ್ವಾಂಸರು ಹೇಳುತ್ತಾರೆ. ಆ ಚಕ್ರವನ್ನು ಧ್ವಜಕ್ಕೆ ತೆಗೆದುಕೊಂಡಿದ್ದರೆ 24ರ ಮಾತೇ ಏಳುತ್ತಿರಲಿಲ್ಲ. ಆ ಸಿಂಹಪೀಠ ನೆಲದೊಳಗಿಂದ ಹೊರಬಂದದ್ದು ಕೂಡ 1904-05ರ ಉತ್ಖನನದಲ್ಲಿ. ಕಲಕತ್ತೆಯಲ್ಲಿ ಮೊದಲ ಧ್ವಜ ಏರಿದಾಗ ಅದರ ಸುದ್ದಿ ಇನ್ನೂ ಹೊಸದು.

ಇಷ್ಟಕ್ಕೂ ನಮ್ಮ ಧರ್ಮಚಕ್ರಕ್ಕೆ ನಮ್ಮ ಪುರಾಣಗಳು ಹೇಳುವ ಅರಗಳು ಎಷ್ಟು? ಸಾವಿರ. ಸಮವಸರಣದಲ್ಲಿ ಜಿನೇಶ್ವರರ ಮುಂದೆ ನಡೆಯುವುದು ಸಹಸ್ರಾರ ಧರ್ಮಚಕ್ರ. ನಮ್ಮ ಬಸದಿಗಳಲ್ಲಿ ಸರ್ವಾಹ್ಣ ಯಕ್ಷನು ತಲೆಯ ಮೇಲೆ ಹೊತ್ತಿರುವುದೂ ಅದನ್ನೇ. ಮಥುರೆಯ ಕಂಕಾಳಿ ದಿಬ್ಬದಲ್ಲಿ ಸಿಕ್ಕ ಕುಷಾಣರ ಕಾಲದ ಜಿನಬಿಂಬಗಳ ಪೀಠದಲ್ಲೂ ಧರ್ಮಚಕ್ರವನ್ನು ಶ್ರಾವಕ ಶ್ರಾವಿಕೆಯರು ಪೂಜಿಸುವ ದೃಶ್ಯಗಳಿವೆ. ಚಕ್ರ ನಮ್ಮದೂ ಹೌದು, ಬೌದ್ಧರದೂ ಹೌದು, ಅದಕ್ಕೆ ಸಾಕ್ಷಿ ಬೇಕಾದಷ್ಟಿದೆ. ತ್ರಿವರ್ಣದ ಚಕ್ರವನ್ನು ನೋಡಿ ನಮಗೆ ಚತುರ್ವಿಂಶತಿ ತೀರ್ಥಂಕರರು ನೆನಪಾದರೆ ಅದು ಭಾವದ ಮಾತು, ಅದನ್ನು ಯಾರೂ ಬೇಡವೆನ್ನುವುದಿಲ್ಲ. ಆದರೆ ಧ್ವಜ ಮಾಡಿದವರು ಹಾಗೆಂದೇ ಮಾಡಿದರೆಂದು ಮಕ್ಕಳಿಗೆ ಕಲಿಸಿದರೆ ಅದು ಚರಿತ್ರೆಯಲ್ಲ. ಸತ್ಯಾಣುವ್ರತವನ್ನು ಪಾಠಶಾಲೆಯಲ್ಲೇ ಕಲಿಸುವ ನಾವು ಬಹುಮಾನದ ಉತ್ತರಪತ್ರಿಕೆಯಲ್ಲೂ ಅದನ್ನು ಪಾಲಿಸಬೇಕಲ್ಲವೆ?

ನಮ್ಮದೇ ಧ್ವಜ

ನಮಗೆ ಧ್ವಜ ಹೊಸದಲ್ಲ. ಜಿನಸೇನಾಚಾರ್ಯರ ಆದಿಪುರಾಣದಲ್ಲಿ ಸಮವಸರಣದ ಧ್ವಜಭೂಮಿಯ ವರ್ಣನೆಯಿದೆ: ಮಾಲೆ, ವಸ್ತ್ರ, ನವಿಲು, ಕಮಲ, ಹಂಸ, ಗರುಡ, ಸಿಂಹ, ವೃಷಭ, ಆನೆ, ಚಕ್ರ ಎಂಬ ಹತ್ತು ಬಗೆಯ ಧ್ವಜಗಳು. ಪಂಚಕಲ್ಯಾಣ ಪೂಜೆ ಪ್ರಾರಂಭವಾಗುವುದೇ ಧ್ವಜಾರೋಹಣದಿಂದ. ಆದರೆ ಸಮಸ್ತ ಜೈನರಿಗೂ ಒಂದೇ ಎನ್ನುವ ಧ್ವಜ ನಮಗೆ ಬಂದದ್ದು ತೀರ ಇತ್ತೀಚೆಗೆ, 1974-75ರಲ್ಲಿ, ಭಗವಾನ್ ಮಹಾವೀರರ 2500ನೆಯ ನಿರ್ವಾಣ ಮಹೋತ್ಸವದ ಸಂದರ್ಭದಲ್ಲಿ. ದಿಗಂಬರ, ಶ್ವೇತಾಂಬರ ಮೂರ್ತಿಪೂಜಕ, ಸ್ಥಾನಕವಾಸಿ, ತೇರಾಪಂಥಿ ಎಂಬ ನಾಲ್ಕೂ ಸಂಪ್ರದಾಯದವರು ಒಂದು ಧ್ವಜ, ಒಂದು ಪ್ರತೀಕವನ್ನು ಒಪ್ಪಿಕೊಂಡರು. ಇದಕ್ಕಾಗಿ ಮುಂದೆ ನಿಂತು ದುಡಿದವರಲ್ಲಿ ಬೆಳಗಾವಿ ಜಿಲ್ಲೆಯ ಶೇಡಬಾಳದಲ್ಲಿ ಹುಟ್ಟಿದ ಪೂಜ್ಯ ವಿದ್ಯಾನಂದ ಮುನಿಗಳು ಪ್ರಮುಖರು. ಗಡಿಸೀಮೆಯ ಕನ್ನಡ ಮಣ್ಣಿನ ಮಗ ದಿಲ್ಲಿಯಲ್ಲಿ ನಿಂತು ಮಾಡಿಸಿದ ಕೆಲಸ ಇದು.

ಕೆಂಪು, ಹಳದಿ, ಬಿಳಿ, ಹಸಿರು, ಕಡುನೀಲಿ ಎಂಬ ಐದು ಬಣ್ಣಗಳು. ಬಿಳಿ ಅರಿಹಂತರಿಗೆ, ಕೆಂಪು ಸಿದ್ಧರಿಗೆ, ಹಳದಿ ಆಚಾರ್ಯರಿಗೆ, ಹಸಿರು ಉಪಾಧ್ಯಾಯರಿಗೆ, ನೀಲಿ ಸಾಧುಗಳಿಗೆ. ನಡುವಿನ ಬಿಳಿಯಲ್ಲಿ ಸ್ವಸ್ತಿಕ, ಅದರ ಮೇಲೆ ರತ್ನತ್ರಯದ ಮೂರು ಬಿಂದು, ಅದಕ್ಕೂ ಮೇಲೆ ಸಿದ್ಧಶಿಲೆಯ ಅರ್ಧಚಂದ್ರ. ಇಲ್ಲಿ ದಿಗಂಬರರಿಗೆ ಒಂದು ಪಟ್ಟಿ, ಶ್ವೇತಾಂಬರರಿಗೆ ಇನ್ನೊಂದು ಎಂದು ಹಂಚಲಿಲ್ಲವೆಂಬುದನ್ನು ಗಮನಿಸಬೇಕು. ಬಣ್ಣಗಳನ್ನು ಪಂಚಪರಮೇಷ್ಠಿಗಳಿಗೆ ಅರ್ಪಿಸಿದ್ದರಿಂದ ನಾಲ್ಕು ಪಂಥದವರೂ ತಲೆಬಾಗುವಂತಾಯಿತು. 1931ರಲ್ಲಿ ದೇಶ ಕಂಡುಕೊಂಡ ದಾರಿಯನ್ನೇ 1974ರಲ್ಲಿ ನಮ್ಮ ಸಮಾಜವೂ ಕಂಡುಕೊಂಡಿತು. ಆ ವರ್ಷದ ಪ್ರತೀಕದಲ್ಲಿ ಅಭಯಹಸ್ತದ ಅಂಗೈಯ ಮೇಲಿರುವ ಚಕ್ರಕ್ಕೆ 24 ಅರಗಳು. ಅವು ತೀರ್ಥಂಕರರ ಸಂಕೇತವೇ ಸರಿ. ಎರಡು ಚಕ್ರಗಳು ಮಕ್ಕಳ ಮನಸ್ಸಿನಲ್ಲಿ ಕಲೆತುಹೋಗುವುದು ಆಶ್ಚರ್ಯವಲ್ಲ.

ಚಿಹ್ನೆಯ ಅರ್ಥವನ್ನು ಬೇರೆಯವರು ಕೆಡಿಸಿಬಿಡುವ ಅಪಾಯವೂ ಇದೆ. ಸುಪಾರ್ಶ್ವನಾಥರ ಲಾಂಛನವಾದ, ದೀಪಾವಳಿಯ ದಿನ ನಾವು ಖಾತೆಪುಸ್ತಕದ ಮೇಲೆ ಬರೆಯುವ ಸ್ವಸ್ತಿಕವನ್ನು ಹೋಲುವ ಚಿಹ್ನೆಯನ್ನು ಹಿಟ್ಲರನು 1935ರಲ್ಲಿ ಜರ್ಮನಿಯ ಧ್ವಜದ ಮೇಲೆ ಹಾಕಿದ. ಹತ್ತು ವರ್ಷದಲ್ಲಿ ಅದರ ಹೆಸರು ಕೇಳಿದರೆ ಪಾಶ್ಚಾತ್ಯರು ನಡುಗುವಂತಾಯಿತು. ಅಮೆರಿಕದ ಜೈನ ಸಂಘಗಳ ಒಕ್ಕೂಟ ತನ್ನ ಪ್ರತೀಕದಲ್ಲಿ ಸ್ವಸ್ತಿಕವನ್ನು ಬಿಟ್ಟು ಓಂಕಾರವನ್ನು ಇಟ್ಟುಕೊಂಡಿದೆ. ಅಲ್ಲಿ ನೆಲೆಸಿದ ಮಕ್ಕಳು ಕಳಿಸುವ ಆಮಂತ್ರಣ ಪತ್ರಿಕೆಗಳಲ್ಲಿ ಈ ವ್ಯತ್ಯಾಸ ಕಂಡು ಇಲ್ಲಿಯ ಹಿರಿಯರು ಬೇಸರ ಪಡಬೇಕಾಗಿಲ್ಲ.

ಬಟ್ಟೆಯ ಮಾತು

ಕೊನೆಗೆ ವ್ಯಾಪಾರಿಗಳ ವಿಷಯಕ್ಕೇ ಬರುತ್ತೇನೆ. ನೆಹರು ಅಂದು ಸಭೆಗೆ ಎರಡು ಧ್ವಜ ತೋರಿಸಿದರು. ಒಂದು ಖಾದಿ ರೇಷ್ಮೆಯದು, ಇನ್ನೊಂದು ಖಾದಿ ಹತ್ತಿಯದು. ರೇಷ್ಮೆ ಎಂದರೆ ಕುದಿಯುವ ನೀರಿಗೆ ಹಾಕಿದ ಗೂಡುಗಳೆಂದು ಬಲ್ಲ ನಮಗೆ ಯಾವುದು ಸಲ್ಲುತ್ತದೆಂದು ಹೇಳಬೇಕಾಗಿಲ್ಲ. ಹತ್ತಿಯ ಧ್ವಜದ ಬಟ್ಟೆಗೆ ಧಾರವಾಡ ಸೀಮೆಯೇ ಹೆಸರುವಾಸಿ. ಗರಗ ಗ್ರಾಮದ ಖಾದಿ ಸಂಘ ಹಲವು ದಶಕಗಳ ಕಾಲ ಧ್ವಜದ ಬಟ್ಟೆ ನೇಯ್ದುಕೊಟ್ಟಿತು. 1957ರಲ್ಲಿ ಸ್ಥಾಪನೆಯಾದ ಕರ್ನಾಟಕ ಖಾದಿ ಗ್ರಾಮೋದ್ಯೋಗ ಸಂಯುಕ್ತ ಸಂಘವು ಹುಬ್ಬಳ್ಳಿಯ ಬೆಂಗೇರಿಯಲ್ಲಿ ಧ್ವಜ ಸಿದ್ಧಪಡಿಸುತ್ತದೆ. ದುಡಿಯುವವರಲ್ಲಿ ಹೆಚ್ಚಿನವರು ಹೆಣ್ಣುಮಕ್ಕಳು. ಭಾರತೀಯ ಮಾನಕ ಸಂಸ್ಥೆಯ ಪಟ್ಟಿಯಲ್ಲಿ ಮೊದಲ ನಂಬರಿನ ಮಾನಕವೇ ರಾಷ್ಟ್ರಧ್ವಜದ್ದು. 6300 ಮಿಲಿಮೀಟರ್ ಉದ್ದದ ದೊಡ್ಡ ಧ್ವಜದಿಂದ ಮೇಜಿನ ಮೇಲಿಡುವ 150 ಮಿಲಿಮೀಟರಿನ ಧ್ವಜದವರೆಗೆ ಒಂಬತ್ತು ಅಳತೆಗಳು. ನೂಲಿನ ಎಣಿಕೆ, ಬಣ್ಣದ ಗಟ್ಟಿತನ, ಎರಡೂ ಕಡೆ ಚಕ್ರ ಒಂದರ ಮೇಲೊಂದು ಸರಿಯಾಗಿ ಕೂಡುವುದು, ಇವೆಲ್ಲದರ ಪರೀಕ್ಷೆಯಿದೆ.

2002ರ ಜನವರಿ 26ರಂದು ಹೊಸ ಧ್ವಜಸಂಹಿತೆ ಬಂದು, ಸಾಮಾನ್ಯ ಪ್ರಜೆ ತನ್ನ ಮನೆ ಅಂಗಡಿಗಳ ಮೇಲೆ ಯಾವ ದಿನವಾದರೂ ಧ್ವಜ ಏರಿಸಬಹುದೆಂದಾಯಿತು. 2004ರಲ್ಲಿ ಸುಪ್ರೀಂ ಕೋರ್ಟು ನವೀನ್ ಜಿಂದಾಲರ ಪ್ರಕರಣದಲ್ಲಿ ಅದು ಪ್ರಜೆಯ ಹಕ್ಕೆಂದೇ ತೀರ್ಪು ಕೊಟ್ಟಿತು. 2021ರ ಡಿಸೆಂಬರ್ 30ರ ತಿದ್ದುಪಡಿಯಲ್ಲಿ ಯಂತ್ರದ ಬಟ್ಟೆ ಮತ್ತು ಪಾಲಿಯೆಸ್ಟರಿಗೂ ಒಪ್ಪಿಗೆ ಸಿಕ್ಕಿತು. 2022ರ ಆಗಸ್ಟಿನ ಹರ್ ಘರ್ ತಿರಂಗಾಕ್ಕೆ ಕೋಟಿಗಟ್ಟಲೆ ಧ್ವಜ ಬೇಕಾದವು. ಅಷ್ಟನ್ನು ಕೈಮಗ್ಗ ಕೊಡಲಾರದೆಂಬುದು ಲೆಕ್ಕ ಬಲ್ಲವರಿಗೆ ಗೊತ್ತು. ಜಿಎಸ್‌ಟಿ ವಿನಾಯಿತಿಯೂ ಪಾಲಿಯೆಸ್ಟರ್ ಧ್ವಜಕ್ಕೆ ಅನ್ವಯಿಸುತ್ತದೆಂದು ಸರಕಾರ ಸ್ಪಷ್ಟಪಡಿಸಿತು. ಅತ್ತ ಬೆಂಗೇರಿಯಲ್ಲಿ ಬೇಡಿಕೆ ಕುಸಿಯಿತೆಂದು ಖಾದಿ ಸಂಘದವರು ಧರಣಿ ಕೂತರು. ಬಟ್ಟೆಯ ಬಹಿಷ್ಕಾರದಿಂದ ಹುಟ್ಟಿದ ಧ್ವಜ ಇದು. ಅಗ್ಗದ ಮಾಲು ಮಾರುವುದು ತಪ್ಪಲ್ಲ, ಅದು ನಮ್ಮ ಕಸುಬು. ಆದರೂ ನಮ್ಮ ಅಂಗಡಿಗಳ ಕಪಾಟಿನಲ್ಲಿ ಖಾದಿಯ ಧ್ವಜಕ್ಕೂ ಒಂದು ಜಾಗವಿರಲಿ, ಗಿರಾಕಿ ಕೇಳಿದಾಗ ಎರಡನ್ನೂ ತೋರಿಸೋಣ.

ಕಾಯದೆಯ ಕೆಲವು ಮಾತು ಪೇಢಿಯವರಿಗೆ ತಿಳಿದಿರಬೇಕು. 1950ರ ಲಾಂಛನ ಮತ್ತು ಹೆಸರುಗಳ ಕಾಯದೆಯಂತೆ ಧ್ವಜದ ಚಿತ್ರವನ್ನು ವ್ಯಾಪಾರದ ಗುರುತಾಗಿ, ಮಾಲಿನ ಚೀಟಿಯ ಮೇಲೆ ಹಾಕುವಂತಿಲ್ಲ. ಧ್ವಜವನ್ನು ಅಂಗಡಿಯ ತೋರಣವಾಗಿ ಕಟ್ಟಬಾರದು, ಅದರ ಮೇಲೆ ಏನನ್ನೂ ಬರೆಸಬಾರದು. ಬೇಕೆಂದೇ ಅವಮಾನ ಮಾಡಿದರೆ 1971ರ ಕಾಯದೆಯಲ್ಲಿ ಮೂರು ವರ್ಷದವರೆಗೆ ಸಜೆಯುಂಟು. ಹರಿದ ಧ್ವಜವನ್ನು ಕಸಕ್ಕೆ ಹಾಕದೆ, ಏಕಾಂತದಲ್ಲಿ ಮರ್ಯಾದೆಯಿಂದ, ಸಾಧ್ಯವಾದಷ್ಟು ಸುಟ್ಟೇ ವಿಲೇವಾರಿ ಮಾಡಬೇಕು. ಮಕ್ಕಳು ಹಿಡಿದ ಕಾಗದದ ಧ್ವಜಗಳಿಗೂ ಮೆರವಣಿಗೆ ಮುಗಿದ ಮೇಲೆ ಇದೇ ಮರ್ಯಾದೆ ಸಲ್ಲಬೇಕು.

ಆಗಸ್ಟ್ 15 ಚಾತುರ್ಮಾಸದಲ್ಲಿ ಬರುತ್ತದೆ, ಆದ್ದರಿಂದ ಬಸದಿಯ ಆವರಣದಲ್ಲೇ ಕಾರ್ಯಕ್ರಮ ಇಡುವ ಊರುಗಳು ಹಲವು. ಅಲ್ಲಿ ಎರಡು ಧ್ವಜಗಳನ್ನು ಒಂದೇ ಕಂಬಕ್ಕೆ ಕಟ್ಟುವುದಾಗಲಿ, ತ್ರಿವರ್ಣಕ್ಕಿಂತ ಎತ್ತರದಲ್ಲಿ ಅಥವಾ ಅದರ ಪಕ್ಕದಲ್ಲೇ ಸರಿಸಮನಾಗಿ ಪಂಚವರ್ಣವನ್ನು ನಿಲ್ಲಿಸುವುದಾಗಲಿ ಸಂಹಿತೆಗೆ ವಿರುದ್ಧ. ಪಾಠಶಾಲೆಯ ಅಂಗಳದಲ್ಲಿ ಬೇರೆ ಕಂಬ ನೆಟ್ಟು, ಕೇಸರಿ ಮೇಲೆ ಬರುವಂತೆ ನೋಡಿಕೊಂಡು, ತ್ರಿವರ್ಣವನ್ನು ಅಲ್ಲಿಯೇ ಏರಿಸುವುದು ಸರಿ.